ತಡವಾದರೆ ತಡವಾಗಲಿ

ಮನೆಯವರು ಯಾರಾದರೂ ಪರಊರಿಗೆ ಹೊರಟರೆ ಬಾಗಿಲ ತನಕ ಹೋಗಿ ನೀವೇನು ಹೇಳುತ್ತೀರಿ? "ಮುಟ್ಟಿದ ಕೂಡಲೇ ಫೋನ್ ಮಾಡು" ಅಂತ ತಾನೇ? ನಾನೂ ಮದುವೆಯಾಗಿ ಬಂದಾಗಿನಿಂದ ಅದನ್ನೇ ಹೇಳುತ್ತ ಬಂದವಳು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು ಎಂಬುದು ನನಗೆ ತಿಳಿದದ್ದು ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದು ಕೂತಿದ್ದೇನೆ.

ನಮ್ಮೂರು ಇಟಗಿ. ಇಟಗಿ ಅಂದ ಕೂಡಲೇ "ಮಹಾದೇವ ಗುಡಿ ಐತಲ್ರೀ, ಆ ಊರೇನ್ರಿ?" ಅಂತ ಕೇಳುವವರೇ ಬಹಳ. ಆ ಇಟಗಿ ಕೊಪ್ಪಳ ಜಿಲ್ಲೆಯದು. ನಮ್ಮದು ಗದಗ ಜಿಲ್ಲೆಯ, ರೋಣ–ಗಜೇಂದ್ರಗಡದ ಕಡೆಯ, ಭೀಮಾಂಬಿಕಾ ದೇವಿಯ ಇಟಗಿ. ಜೋಳ, ಕಡಲೆ, ಹೆಸರು ಬೆಳೆದುಕೊಂಡಿರುವ ಊರು. ಇಂಥ ಊರಲ್ಲಿ ಕೂತು ನಾನು ಹೆಲಿಕಾಪ್ಟರು, ಮೋಡ, ರೇಡಿಯೋ ಅಂತ ಬರೆಯುವುದಕ್ಕೆ ಕಾರಣ ನನ್ನ ಮೈದುನ.

ನಾನು ಈ ಮನೆಗೆ ಬಂದಾಗ ಅವನಿನ್ನೂ ವಿಜಾಪುರದ ಸೈನಿಕ ಶಾಲೆಯಲ್ಲಿ ಓದುವ ಹುಡುಗ. ರಜೆಗೆ ಬಂದರೆ ಒಲೆಯ ಮುಂದೆ ಕೂತು ಬಿಸಿ ರೊಟ್ಟಿಯನ್ನು ನಾನು ತಟ್ಟಿದಷ್ಟೂ ತಿನ್ನುತ್ತಿದ್ದ. ಮುಂದೆ ಸೈನ್ಯ ಸೇರಿ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿತ. ಅಲ್ಲಿಯ ಸೇವೆ ಮುಗಿಸಿ ಈಗ ಅರುಣಾಚಲ ಪ್ರದೇಶದಲ್ಲಿ ಒಂದು ಕಂಪನಿಯ ಸಣ್ಣ ಹೆಲಿಕಾಪ್ಟರ್ ನಡೆಸುತ್ತಾನೆ. ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮಗು ಸಣ್ಣದು ಅಂತ ನಮ್ಮ ಹತ್ತಿರವೇ ಇದ್ದಾಳೆ.

ಅರುಣಾಚಲದಲ್ಲಿ ಮೆಚುಕಾ, ತೂತಿಂಗ್, ಅನಿನಿ, ವಲಾಂಗ್ ಅಂತ ಗಡಿಗೆ ಹತ್ತಿದ ಊರುಗಳಿವೆ. ವಿಜಯನಗರ ಅಂತಲೂ ಒಂದಿದೆ, ನಮ್ಮ ಹಂಪಿಯ ವಿಜಯನಗರವಲ್ಲ. ಮಿಯಾವೊ ಎಂಬ ಊರಿನಿಂದ ಸುಮಾರು 157 ಕಿಲೋಮೀಟರ್ ಕಾಡಿನ ಹಾದಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಹಾದಿ ಮುಚ್ಚಿದರೆ ದಿನಗಟ್ಟಲೆ ನಡೆಯಬೇಕು, ಇಲ್ಲವೇ ಹೆಲಿಕಾಪ್ಟರ್ ಬರುವುದನ್ನು ಕಾಯಬೇಕು. ಹೆರಿಗೆ ಕಷ್ಟವಾದ ಹೆಣ್ಣುಮಗಳು, ಕೈಕಾಲು ಮುರಿದವರು, ಔಷಧದ ಪೆಟ್ಟಿಗೆ ಎಲ್ಲಕ್ಕೂ ಅದೇ ಬಂಡಿ.

ಗುಡ್ಡದ ಸೀಮೆಯಲ್ಲಿ ಈ ಸಣ್ಣ ಹೆಲಿಕಾಪ್ಟರು, ಸಣ್ಣ ವಿಮಾನಗಳು ಕಣ್ಣಿಗೆ ದಾರಿ ಕಂಡರೆ ಮಾತ್ರ ಹಾರುತ್ತವೆ. ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೂ ಬಿಸಿಲೇರಿದಂತೆ ಕಣಿವೆಯಿಂದ ಮೋಡ ಎದ್ದು ಗುಡ್ಡದ ಸಂದಿಯನ್ನು ಮುಚ್ಚಿಬಿಡುತ್ತದೆ. ಇನ್ನು ವಿಮಾನದ ರೇಡಿಯೋ ಮಾತು ನೆಟ್ಟಗೆ ಹೋಗುವಂಥದ್ದು, ನಡುವೆ ಗುಡ್ಡ ಬಂದರೆ ಆಚೆ ಕಡೆ ಕೇಳಿಸುವುದಿಲ್ಲ. ಹೀಗಾಗಿ ಮೋಡ ಕಟ್ಟಿಸಿಕೊಂಡು ಎಲ್ಲೋ ಇಳಿದು ಕೂತವನ ಸುದ್ದಿ ಹೊರಗೆ ಬರುವುದೇ ಕಷ್ಟ. ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಆ ಶ್ರಾವಣದಲ್ಲಿ ಮಗುವಿನ ಜವಳ ಇಟ್ಟುಕೊಂಡಿದ್ದೆವು. ಸೋಮವಾರ, ಭೀಮಾಂಬಿಕಾ ದೇವಿಯ ಗುಡಿಯಲ್ಲಿ. ಮಂದಿಗೆಲ್ಲ ಹೇಳಿಯಾಗಿತ್ತು, ಗೋಧಿ ಹುಗ್ಗಿಗೆ ಗೋಧಿ ಕುಟ್ಟಿ ಇಟ್ಟಿದ್ದೆ. ಮೈದುನ ಗುರುವಾರ ಗಡಿಯ ಊರೊಂದರಿಂದ ಜನರನ್ನು ಕೆಳಗೆ ತಂದು ಬಿಟ್ಟು, ಶುಕ್ರವಾರ ದೊಡ್ಡ ವಿಮಾನ ಹಿಡಿದು ಬೆಂಗಳೂರಿಗೆ ಬಂದು, ಅಲ್ಲಿಂದ ರೈಲಿಗೆ ಗದಗ ಮುಟ್ಟುವುದಿತ್ತು. ಬುಧವಾರ ರಾತ್ರಿ ಫೋನಿನಲ್ಲಿ ನಾನೇ ಅಂದೆ: "ಏನರ ಆಗ್ಲಿ, ಹೆಂಗರ ಮಾಡಿ ಬಂದಬಿಡಪಾ. ನೀ ಬರಲಿಲ್ಲಂದ್ರ ಅತ್ತಿ ಊಟಾನ ಬಿಡ್ತಾರ ನೋಡು." ಅವನು ನಕ್ಕು, "ಬರ್ತೀನಿ ವೈನಿ, ನಾಳೆ ಮಧ್ಯಾಹ್ನ ಹನ್ನೆರಡಕ್ಕ ಕೆಳಗ ಇಳದು ಫೋನ್ ಮಾಡ್ತೀನಿ" ಅಂದ.

ಗುರುವಾರ ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಫೋನ್ ಇಲ್ಲ. ನಾವು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ಮಾತು. ನೆಗೆಣ್ಣಿ ಮಗುವನ್ನು ಎತ್ತಿಕೊಂಡು ಪಡಸಾಲೆಯಲ್ಲಿ ತಿರುಗುತ್ತಿದ್ದಳು. ಅವನ ಕಂಪನಿಯ ಕಚೇರಿಯ ನಂಬರು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ! ಇಷ್ಟು ವರ್ಷ ಅದನ್ನೊಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಐದು ಗಂಟೆಗೆ ಓಣಿಯ ಹುಡುಗನೊಬ್ಬ ಮೊಬೈಲ್ ಹಿಡಿದು ಓಡಿ ಬಂದ. ಗುಡ್ಡದಲ್ಲಿ ಬಿದ್ದು ಸುಟ್ಟ ಹೆಲಿಕಾಪ್ಟರಿನ ಚಿತ್ರ. ನೆಗೆಣ್ಣಿ ನೋಡಿದವಳೇ ಗೋಡೆಗೆ ಒರಗಿ ಕುಸಿದಳು. ಅತ್ತೆಯವರು ಜಗಲಿಯ ಮುಂದೆ ಹಣೆ ಹಚ್ಚಿ ಮಲಗಿದರು. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ನಿಧಾನ ನೋಡಿದಾಗ ತಿಳಿಯಿತು, ಅದು ಎಷ್ಟೋ ವರ್ಷದ ಹಿಂದಿನ, ಬೇರೆ ಯಾವುದೋ ದೇಶದ ಚಿತ್ರ. ಹುಡುಗನಿಗೂ ಯಾರೋ ಕಳಿಸಿದ್ದು, ಅವನು ಕೆಟ್ಟ ಬುದ್ಧಿಯಿಂದ ತಂದದ್ದಲ್ಲ. ಆದರೆ ಆ ಹತ್ತು ನಿಮಿಷ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ.

ನಮಗೆ ಭಯವಾದದ್ದು ಸುಮ್ಮನಲ್ಲ. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ಮಳೆ ಮೋಡದಲ್ಲಿ ನಲ್ಲಮಲ ಕಾಡಿನ ಮೇಲೆ ಕಾಣೆಯಾದದ್ದು ನಿಮಗೂ ನೆನಪಿರಬೇಕು. ಮಾರನೆಯ ದಿನವಷ್ಟೇ ಅದರ ಅವಶೇಷ ಸಿಕ್ಕಿತು. 2019ರ ಜೂನ್ 3ರಂದು ಅಸ್ಸಾಮಿನ ಜೋರ್ಹಾಟದಿಂದ ಮೆಚುಕಾಕ್ಕೆ ಹೊರಟ ವಾಯುಪಡೆಯ ಎಎನ್-32 ವಿಮಾನದಲ್ಲಿ 13 ಮಂದಿ ಇದ್ದರು. ಅದು ಬಿದ್ದ ಜಾಗ ಕಂಡದ್ದು ಜೂನ್ 11ಕ್ಕೆ. ಎಂಟು ದಿನ ಆ 13 ಮನೆಗಳಲ್ಲಿ ಒಲೆ ಹೇಗೆ ಹೊತ್ತಿತೋ ದೇವರೇ ಬಲ್ಲ.

ರಾತ್ರಿ ಯಾರೂ ಮಲಗಲಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. "ವೈನಿ, ನಾ ಆರಾಮ ಅದೀನಿ. ಮೋಡ ಬಿಟ್ಟಿಲ್ಲ. ಇಲ್ಲೇ ಕುಂತೀನಿ."

ನಡೆದದ್ದು ಇಷ್ಟೇ. ಹೊರಟವನು ಗುಡ್ಡದ ಸಂದಿಯಲ್ಲಿ ಮೋಡ ಕಂಡು ತಿರುಗಿ ಅದೇ ಊರಿಗೆ ಬಂದು ಇಳಿದಿದ್ದ. ಮಳೆಗೆ ಅಲ್ಲಿಯ ಮೊಬೈಲ್ ಗೋಪುರ ಕೆಟ್ಟಿತ್ತು. ಪೊಲೀಸರ ವೈರ್‌ಲೆಸ್ಸಿನಿಂದ ಅವನ ಸುದ್ದಿ ಗುರುವಾರ ಮಧ್ಯಾಹ್ನ ಮೂರಕ್ಕೇ ಕಂಪನಿಗೆ ಮುಟ್ಟಿತ್ತು. ಕಚೇರಿಯವರು ಮನೆಗೆ ತಿಳಿಸಲು ಫೋನೂ ಮಾಡಿದ್ದರು. ಆದರೆ ಅವರ ಪುಸ್ತಕದಲ್ಲಿದ್ದದ್ದು ನೆಗೆಣ್ಣಿಯ ಹಳೆಯ ನಂಬರು. ಆ ಸಿಮ್ಮು ಬಿಟ್ಟು ವರ್ಷವಾಗಿತ್ತು. ನಮ್ಮ ಜೀವ ಹೋಗಿ ಬರುತ್ತಿದ್ದ ಹೊತ್ತಿನಲ್ಲಿ ಅವನು ಕ್ಷೇಮವಾಗಿದ್ದಾನೆ ಎಂಬ ಸುದ್ದಿ ನಮ್ಮ ಬಾಗಿಲ ತನಕ ಬಂದು ತಿರುಗಿ ಹೋಗಿತ್ತು. ಯಾರನ್ನು ಬಯ್ಯೋಣ?

ಜವಳವನ್ನು ಮುಂದಿನ ಸೋಮವಾರಕ್ಕೆ ಹಾಕಿದೆವು. ಊಟ ಬಿಡುತ್ತಾರೆ ಅಂತ ನಾನು ಹೆದರಿಸಿದ್ದ ಅತ್ತೆಯವರೇ, "ದೇವಿ ಎಲ್ಲೂ ಓಡಿ ಹೋಗೂದಿಲ್ಲ, ಕೂದಲಾನೂ ಓಡಿ ಹೋಗೂದಿಲ್ಲ" ಅಂದುಬಿಟ್ಟರು. ಮೈದುನ ಬಂದ, ಜವಳ ಆಯಿತು, ಹುಗ್ಗಿ ಉಂಡು ಮಂದಿ ಹೋದರು. ಅವತ್ತು ರಾತ್ರಿ ಕಟ್ಟೆಯ ಮೇಲೆ ಕೂತಾಗ ಅವನು ಮೆಲ್ಲಗೆ ಹೇಳಿದ:

"ವೈನಿ, ನೀವು ಸಿಟ್ಟಾಗಬ್ಯಾಡ್ರಿ. ಅವತ್ತ ಮೋಡದ ನಡುವ ಒಂದು ಕಿಂಡಿ ಕಾಣಸ್ತು. ನಿಯಮದ ಪ್ರಕಾರ ಆಗಲೇ ತಿರಗಬೇಕಿತ್ತು. ಆದ್ರ 'ಹೆಂಗರ ಮಾಡಿ ಬಾ' ಅಂದದ್ದು ಕಿವ್ಯಾಗ ಇತ್ತು. ಎರಡು ನಿಮಿಷ ಮುಂದ ಹೋದ್ನಿ. ಕಿಂಡಿ ಮುಚ್ಚಾಕ ಹತ್ತಿತು, ಆವಾಗ ತಿರಗಿಸಿದ್ನಿ. ಹಿಂದ ಐದು ಮಂದಿ ಕುಂತಿದ್ರು."

ನನಗೆ ಮಾತೇ ಹೊರಡಲಿಲ್ಲ. ಪ್ರೀತಿಯಿಂದ ಆಡಿದ ಮಾತು. ಆದರೆ ಅದು ಅವನ ಜೊತೆಗೆ ಹೆಲಿಕಾಪ್ಟರಿನಲ್ಲಿ ಕೂತು ಅವನನ್ನು ಮೋಡದೊಳಕ್ಕೆ ನೂಕುತ್ತಿತ್ತು. ಮನೆ ಮುಟ್ಟುವ ಅವಸರ ಎನ್ನುವುದು ಪೈಲಟ್ಟರಿಗೆ ದೊಡ್ಡ ವೈರಿಯಂತೆ. ಅದನ್ನು ಅವರ ಪಾಠದಲ್ಲೇ ಹೇಳಿಕೊಡುತ್ತಾರಂತೆ. ಮನೆಯಲ್ಲಿರುವ ನಮಗೆ ಯಾರು ಪಾಠ ಹೇಳಬೇಕು?

ಹಾಗೆ ನೋಡಿದರೆ ನನಗೆ ಆ ಪಾಠ ಸಣ್ಣವಳಿದ್ದಾಗಲೇ ಆಗಿತ್ತು, ಮರೆತಿದ್ದೆ. ನನ್ನ ತವರು ಬೆಣ್ಣೆಹಳ್ಳದ ದಂಡೆಯ ಒಂದು ಹಳ್ಳಿ. ಬೆಣ್ಣೆಹಳ್ಳದ ಗುಣ ನಮ್ಮ ಕಡೆಯವರಿಗೆ ಗೊತ್ತು. ನಮ್ಮಲ್ಲಿ ಬಿಸಿಲಿದ್ದರೂ ಮೇಲೆ ಹುಬ್ಬಳ್ಳಿ ಕಡೆ ಮಳೆಯಾದರೆ ಇಲ್ಲಿ ತುಂಬಿ ಬರುತ್ತದೆ. ನಮ್ಮ ಹೊಲ ಹಳ್ಳದ ಆಚೆ. ಅಪ್ಪ ಹೊಲಕ್ಕೆ ಹೊರಟಾಗ ಮೇಲೆ ಮೋಡ ಕಂಡರೆ ಅವ್ವ ಬುತ್ತಿಗೆ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿ, "ಹಳ್ಳ ಬಂದಿದ್ರ ಅಲ್ಲೇ ಇದ್ದಬಿಡ್ರಿ, ದಾಟಾಕ ಹೋಗಬ್ಯಾಡ್ರಿ. ಕತ್ತಲಾದಮ್ಯಾಲ ಕಂದೀಲು ತೋರಸ್ರಿ" ಅನ್ನುತ್ತಿದ್ದಳು. ಕತ್ತಲಾದ ಮೇಲೆ ನಾವು ಮಕ್ಕಳು ಮಾಳಿಗೆ ಹತ್ತಿ ನೋಡುತ್ತಿದ್ದೆವು. ಆಚೆ ದಂಡೆಯಲ್ಲಿ ಕಂದೀಲು ಮೂರು ಸಲ ಮೇಲೆ ಕೆಳಗೆ ಆದರೆ ಅಪ್ಪ ಕ್ಷೇಮ ಅಂತ ಅರ್ಥ. ಅವ್ವ ಕೆಳಗಿನಿಂದಲೇ "ಕಂಡತೇನ?" ಅಂತ ಕೇಳಿ, ಬಾಗಿಲು ಹಾಕಿ ನಮಗೆ ಊಟಕ್ಕೆ ಬಡಿಸುತ್ತಿದ್ದಳು. ಮೂರು ಸಲ ಕಂದೀಲು ಎತ್ತಿದರೆ ಮುಗಿಯಿತು, ಮತ್ತೆ ಆ ರಾತ್ರಿ ಏನೂ ಕೇಳುವುದಿಲ್ಲ.

ಸೋದರಿಯರೇ, ಶಾಲೆ ಕಲಿಯದ ನನ್ನ ಅವ್ವನಿಗೆ ಗೊತ್ತಿದ್ದದ್ದು ಮೊಬೈಲ್ ಹಿಡಿದ ನನಗೆ ಗೊತ್ತಿರಲಿಲ್ಲ. ಸುದ್ದಿ ಹೇಗೆ ಬರಬೇಕು, ಸುದ್ದಿ ಬಾರದಿದ್ದರೆ ಏನು ತಿಳಿಯಬೇಕು ಎಂಬುದನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯ, ಅಲ್ಲೇ ಇರಲು ಅಪ್ಪಣೆ ಕೊಟ್ಟು ಕಳಿಸಬೇಕು.

ವಿಮಾನದವರ ವ್ಯವಸ್ಥೆಯೂ ಇದೇ ಲೆಕ್ಕದ್ದು ಅಂತ ಮೈದುನ ತಿಳಿಸಿ ಹೇಳಿದ. ಹೊರಡುವ ಮುಂಚೆ ಎಲ್ಲಿಂದ ಎಲ್ಲಿಗೆ, ಯಾವ ದಾರಿ, ಎಷ್ಟು ಜನ, ಎಷ್ಟು ತಾಸು ಹಾರುವಷ್ಟು ಎಣ್ಣೆ ಎಂಬುದನ್ನು ಬರೆದು ಕೊಡಬೇಕು. ಮಾತು ಬರಬೇಕಾದ ಹೊತ್ತು ದಾಟಿ 30 ನಿಮಿಷವಾದರೂ ಬಾರದಿದ್ದರೆ ನೆಲದ ಮೇಲಿನವರು ವಿಚಾರಿಸಲು ಸುರು ಮಾಡುತ್ತಾರೆ. ಆಗಲೂ ತಿಳಿಯದಿದ್ದರೆ ಎರಡನೆಯ ಹಂತ. ವಿಮಾನದಲ್ಲಿದ್ದ ಎಣ್ಣೆ ತೀರುವಷ್ಟು ಹೊತ್ತಾಯಿತು ಅಂದರೆ ಮೂರನೆಯದು, ಅಪಾಯದ ಹಂತ. ಒಮ್ಮೆಲೇ ಗಾಬರಿಯಾಗುವುದೂ ಇಲ್ಲ, ಸುಮ್ಮನೆ ಕೂಡುವುದೂ ಇಲ್ಲ.

ಇನ್ನೊಂದು ಸಂಗತಿ ಕೇಳಿ ನನಗೆ ಹೆಮ್ಮೆಯಾಯಿತು. ವಿಮಾನ ಎಲ್ಲಾದರೂ ಬಿದ್ದರೆ ತಾನಾಗಿಯೇ ಕೂಗು ಹಾಕುವ ಸಣ್ಣ ಯಂತ್ರವೊಂದು ಅದರಲ್ಲಿರುತ್ತದೆ. ಆ ಕೂಗು 406 ಮೆಗಾಹರ್ಟ್ಸ್ ಅಲೆಯಲ್ಲಿ ಉಪಗ್ರಹಕ್ಕೆ ಮುಟ್ಟಿ, ಅಲ್ಲಿಂದ ನೆಲಕ್ಕೆ ಬರುತ್ತದೆ. ನಮ್ಮ ದೇಶಕ್ಕಷ್ಟೇ ಅಲ್ಲ, ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾಗಳಿಗೂ ಆ ಕೂಗನ್ನು ಕೇಳಿಸಿಕೊಳ್ಳುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದವರ ಪೀಣ್ಯದ ಕೇಂದ್ರದಲ್ಲಿ. ಪ್ರತಿ ಯಂತ್ರದ ಹೆಸರಿನಲ್ಲೂ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರು ಬರೆಸಿರಬೇಕಂತೆ. ಕೂಗು ಬಂದರೆ ಅದು ನಿಜವೋ, ಕೈ ತಾಗಿ ಆದದ್ದೋ ಅಂತ ಮೊದಲು ಆ ನಂಬರಿಗೆ ಕೇಳುತ್ತಾರೆ. ಇಷ್ಟು ದೊಡ್ಡ ವ್ಯವಸ್ಥೆಯೂ ಕೊನೆಗೆ ಒಂದು ಸರಿಯಾದ ಫೋನ್ ನಂಬರಿನ ಮೇಲೆ ನಿಂತಿದೆ ನೋಡಿ.

ಇದರ ಹಿಂದೆ ಒಂದು ಕಥೆಯೂ ಇದೆ. 1972ರ ಅಕ್ಟೋಬರ್ 16ರಂದು ಅಮೆರಿಕದ ಅಲಾಸ್ಕದಲ್ಲಿ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಎಂಬ ಇಬ್ಬರು ಜನಪ್ರತಿನಿಧಿಗಳು ಸಣ್ಣ ವಿಮಾನದಲ್ಲಿ ಕೆಟ್ಟ ಹವೆಯಲ್ಲೇ ಹೊರಟರು. ಅವರಿಬ್ಬರು, ಒಬ್ಬ ಸಹಾಯಕ, ಒಬ್ಬ ಪೈಲಟ್, ಒಟ್ಟು ನಾಲ್ವರು. 39 ದಿನ ಹುಡುಕಿದರು. ಇವತ್ತಿಗೂ ಅದರ ಕುರುಹು ಸಿಕ್ಕಿಲ್ಲ. ಕೂಗು ಹಾಕುವ ಯಂತ್ರ ವಿಮಾನದಲ್ಲಿ ಇರಲೇಬೇಕೆಂಬ ನಿಯಮ ಅಲ್ಲಿ ಬಿಗಿಯಾದದ್ದು ಆಮೇಲೆ. ಬಾಗ್ಸ್ ಅವರ ಹೆಂಡತಿ ಲಿಂಡಿ ಬಾಗ್ಸ್ ಮರುವರ್ಷ ಗಂಡನ ಸ್ಥಾನಕ್ಕೆ ಚುನಾವಣೆಗೆ ನಿಂತು ಗೆದ್ದು ಬಹಳ ವರ್ಷ ಕೆಲಸ ಮಾಡಿದರು. ಮುಂದೆ ಹತ್ತು ವರ್ಷಕ್ಕೆ, 1982ರಲ್ಲಿ, ಕೆನಡಾದ ಗುಡ್ಡದಲ್ಲಿ ಬಿದ್ದ ಸಣ್ಣ ವಿಮಾನದ ಕೂಗನ್ನು ಮೊದಲ ಸಲ ಉಪಗ್ರಹ ಕೇಳಿಸಿಕೊಂಡು ಮೂವರ ಜೀವ ಉಳಿಯಿತು.

ಆಸ್ಟ್ರೇಲಿಯಾದಲ್ಲಿ 1928ರಲ್ಲಿ ವಿಮಾನದಲ್ಲಿ ಹೋಗಿ ರೋಗಿಗಳನ್ನು ನೋಡುವ ಡಾಕ್ಟರರ ಸೇವೆ ಸುರುವಾಯಿತು. ಮೈಲಿಗಟ್ಟಲೆ ಬಯಲಿನ ಒಂಟಿ ಮನೆಗಳಿಂದ ಡಾಕ್ಟರರನ್ನು ಕರೆಯುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬಾತ 1929ರ ಹೊತ್ತಿಗೆ ಕಾಲಿನಿಂದ ತುಳಿದು ವಿದ್ಯುತ್ ಹುಟ್ಟಿಸುವ ರೇಡಿಯೋ ಮಾಡಿಕೊಟ್ಟ. ನಾವು ಹೊಲಿಗೆ ಯಂತ್ರ ತುಳಿಯುತ್ತೇವಲ್ಲ, ಹಾಗೆ ತುಳಿಯುತ್ತ ಆ ಮನೆಗಳ ಹೆಂಗಸರು ಡಾಕ್ಟರರ ಜೊತೆ ಮಾತನಾಡುತ್ತಿದ್ದರು. ಮುಂದೆ ದಿನದ ಒಂದು ಹೊತ್ತು ಬರೇ ಹೆಂಗಸರ ಹರಟೆಗೇ ಮೀಸಲಾಯಿತು. ಕ್ಷೇಮ ಸಮಾಚಾರ ನಡೆಸುವ ಕೆಲಸ ಎಲ್ಲ ದೇಶದಲ್ಲೂ ನಮ್ಮ ಪಾಲಿಗೇ ಬಂದದ್ದು.

ನಮ್ಮ ಮನೆಯಲ್ಲಿ ಈಗ ಅಡಿಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇವೆ. ಮೈದುನ, ನೆಗೆಣ್ಣಿ, ನಾನು ಕೂಡಿ ಬರೆದದ್ದು. ನಿಮಗೂ ಉಪಯೋಗವಾದೀತು ಅಂತ ಹೇಳುತ್ತೇನೆ.

ಮೊದಲನೆಯದು ನಂಬರುಗಳು. ಕಚೇರಿಯದು, ಅವನ ಜೊತೆಯ ಒಬ್ಬ ಪೈಲಟ್ಟನದು, ಕೆಳಗಿನ ಊರಿನ ಅವನ ಮನೆಯ ಮಾಲಕರದು. ಮೊಬೈಲಿನಲ್ಲಿ ಅಲ್ಲ, ಹಾಳೆಯ ಮೇಲೆ, ದಪ್ಪ ಅಕ್ಷರದಲ್ಲಿ. ಹಾಗೆಯೇ ಅವನ ಕಚೇರಿಯಲ್ಲಿ ನಮ್ಮ ಮನೆಯ ಎರಡು ನಂಬರು. ಪ್ರತಿ ಯುಗಾದಿಗೆ ಎರಡೂ ಕಡೆ ಸರಿ ಇವೆಯೋ ಅಂತ ನೋಡುವುದು.

ಎರಡನೆಯದು ಎರಡು ಹೊತ್ತು. ಅವನು ಹೊರಡುವಾಗ "ಇಂಥಲ್ಲಿಂದ ಇಂಥಲ್ಲಿಗೆ, ಇಷ್ಟಕ್ಕೆ ಮುಟ್ಟಬೇಕು" ಅಂತ ಒಂದು ಸಂದೇಶ ಹಾಕುತ್ತಾನೆ. ಅದು ಮುಟ್ಟುವ ಹೊತ್ತು. ಚಿಂತೆ ಮಾಡುವ ಹೊತ್ತು ಬೇರೆ, ಅದು ಸಂಜೆ ಆರು. ಅಲ್ಲಿ ಸೂರ್ಯ ನಮಗಿಂತ ಮೊದಲು ಮುಳುಗುತ್ತಾನೆ. ಅವರು ಕತ್ತಲಲ್ಲಿ ಹಾರುವುದಿಲ್ಲ. ಆರರ ಹೊತ್ತಿಗೆ ಯಾರು ಎಲ್ಲಿ ಇಳಿದಿದ್ದಾರೆ ಎಂಬುದು ಕಚೇರಿಗೆ ತಿಳಿದಿರುತ್ತದೆ. ಆರಕ್ಕೆ ನಮ್ಮ ಯಜಮಾನರೊಬ್ಬರೇ ಫೋನ್ ಮಾಡುತ್ತಾರೆ. ಎಲ್ಲರೂ ಮಾಡಿದರೆ ಅಲ್ಲಿಂದ ಬರುವ ಫೋನಿಗೆ ದಾರಿ ಇರುವುದಿಲ್ಲ.

ಮೂರನೆಯದು ಒಂದು ಶಬ್ದ: "ಕುಂತೀನಿ." ಇಳಿದಿದ್ದೇನೆ, ಕ್ಷೇಮ, ಹವೆ ತಿಳಿಯಾಗುವ ತನಕ ಹೊರಡುವುದಿಲ್ಲ ಎಂದು ಅರ್ಥ. ಮಾತು ಹೋಗದಷ್ಟು ಸಂಪರ್ಕ ಕಡಿಮೆ ಇದ್ದಾಗಲೂ ಸಣ್ಣ ಸಂದೇಶ ಹೇಗೋ ನುಸುಳಿ ಬರುವುದುಂಟು. ಅದೂ ಆಗದಿದ್ದರೆ ಪೊಲೀಸರ ವೈರ್‌ಲೆಸ್ಸಿನಿಂದ ಕಚೇರಿಗೆ, ಕಚೇರಿಯಿಂದ ನಮಗೆ ಅದೇ ಒಂದು ಶಬ್ದ.

ನಾಲ್ಕನೆಯದು, ಆ ಹೊತ್ತಿನಲ್ಲಿ ಟೀವಿ ಬಂದ್. ಮೊಬೈಲಿನಲ್ಲಿ ಯಾರೇ ಯಾವ ಚಿತ್ರ ಕಳಿಸಿದರೂ ನೆಗೆಣ್ಣಿಯ ಕಣ್ಣಿಗೆ ಬೀಳುವ ಮುಂಚೆ ಒಬ್ಬರು ನೋಡಬೇಕು.

ಉಪಗ್ರಹ ಫೋನ್ ಕೊಡಿಸಬಾರದೇ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಅಲಾಸ್ಕದಂಥ ಕಡೆ ಸಣ್ಣ ವಿಮಾನದವರು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಗ್ರಹ ಯಂತ್ರದಿಂದ ಮನೆಗೆ ನಾಲ್ಕು ಅಕ್ಷರ ಕಳಿಸುತ್ತಾರಂತೆ. ನಮ್ಮ ದೇಶದಲ್ಲಿ ಸರಕಾರದ ಅನುಮತಿ ಇಲ್ಲದೆ ಅಂಥವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೊರದೇಶದ ನೆಂಟರು ಪ್ರೀತಿಯಿಂದ ತಂದುಕೊಟ್ಟರೂ ತೊಂದರೆಯೇ. ಅದಕ್ಕೇ ನಮ್ಮದು ಹಾಳೆಯ ವ್ಯವಸ್ಥೆ.

ಹಾಳೆಯ ಕೊನೆಯ ಸಾಲನ್ನು ನಾನೇ ಬರೆದೆ. "ಯಾವ ಹಬ್ಬ, ಯಾವ ಕಾರ್ಯ ಇದ್ದರೂ ಇಂಥ ದಿನ ಬರಲೇಬೇಕು ಅಂತ ಯಾರೂ ಅವನಿಗೆ ಹೇಳಬಾರದು." ಅದರ ಕೆಳಗೆ ಅತ್ತೆಯವರಿಂದಲೂ ಸಹಿ ಹಾಕಿಸಿದೆ.

ನಿಮ್ಮ ಮನೆಯಲ್ಲಿ ಪೈಲಟ್ಟರು ಇರಲಿಕ್ಕಿಲ್ಲ. ಆದರೆ ಲಾರಿ ನಡೆಸುವ ಅಣ್ಣ ಇದ್ದಾನು, ಗಡಿಯಲ್ಲಿ ಕಾಯುವ ಮಗ ಇದ್ದಾನು, ಮಳೆಯಲ್ಲಿ ರಾತ್ರಿ ಮೋಟರ್ ಸೈಕಲ್ ಮೇಲೆ ಬರುವ ಯಜಮಾನರು ಇದ್ದಾರು. "ಎಲ್ಲಿದ್ದೀ? ಎಷ್ಟೊತ್ತಿಗೆ ಬರ್ತೀ? ಎಲ್ಲಾರೂ ಕಾಯಾಕ ಹತ್ತೇವಿ" ಅಂತ ಗಳಿಗೆಗೊಮ್ಮೆ ಫೋನ್ ಮಾಡುತ್ತೇವಲ್ಲ, ಆ ಒಂದೊಂದು ಫೋನಿಗೂ ಆ ಕಡೆ ವೇಗ ಹೆಚ್ಚಾಗುತ್ತದೆ. ಮುಟ್ಟಿದ ಮೇಲೆ ಫೋನ್ ಮಾಡು ಅನ್ನಿ, ತಪ್ಪಿಲ್ಲ. ಜೊತೆಗೆ "ತಡವಾದರೆ ತಡವಾಗಲಿ, ಅಲ್ಲೇ ಇದ್ದುಬಿಡು" ಅಂತಲೂ ಅನ್ನಿ. ಬರೇ ಬಾಯಿಮಾತಲ್ಲ, ತಡವಾಗಿ ಬಂದಾಗ ಮುಖ ದಪ್ಪ ಮಾಡದೆ ಬಡಿಸಿದರೆ ಅವರು ನಂಬುತ್ತಾರೆ.

ಈ ವರ್ಷ ಆಷಾಢದಲ್ಲಿ ಮತ್ತೆ ಹಾಗೆಯೇ ಆಯಿತು. ಹನ್ನೊಂದಕ್ಕೆ ಮುಟ್ಟಬೇಕಾದವನ ಸುದ್ದಿ ಇಲ್ಲ. ನೆಗೆಣ್ಣಿ ಎರಡು ಸಲ ಹಾಳೆಯ ಮುಂದೆ ಹೋಗಿ ನಿಂತು ಬಂದಳು. ನಾನು ಅವಳಿಗೆ ಮೆಂತ್ಯ ಸೋಸಲು ಕೊಟ್ಟೆ. ನಾಲ್ಕೂವರೆಗೆ ಫೋನ್ ಟಿಣ್ ಅಂತು. ಅವಳು ಓದಿ, ಏನೂ ಹೇಳದೆ ನನ್ನ ಮುಂದೆ ಹಿಡಿದಳು. ಒಂದೇ ಶಬ್ದ.

ಒಳಗಿನಿಂದ ಅತ್ತೆಯವರು ಕೇಳಿದರು, "ಏನಂತ? ಕುಂತಾನೇನ?"

"ಕುಂತಾನ್ರಿ ಅತ್ತಿ."

"ಕುಂದರ್ಲಿ ಬಿಡು," ಅಂದರು, "ರೊಟ್ಟಿಗೆ ಎಸರ ಇಡು."